ಏಳು ಕೆರೆ ಕಾಣುವ ಗುಡ್ಡ

ರಾತ್ರಿ ಒಂದೂವರೆಯ ಸುಮಾರಿಗೆ ‘ಥಪ್’ ಎಂದು ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಕೆರೆ ಏರಿಯ ಮೇಲಿನ ಗುಡಿಸಲಿನಲ್ಲಿ ಮಲಗಿದ್ದ ಉಜ್ಜಪ್ಪ ಕಣ್ಣು ಬಿಡುತ್ತಾರೆ. ಹೊರಗೆ ಜಿಟಿಜಿಟಿ ಮಳೆ, ಕಪ್ಪೆಗಳ ಗದ್ದಲ. ದೊಡ್ಡ ಮೀನು ಎಗರಿ ಬಿದ್ದಿರಬೇಕು ಎಂದುಕೊಂಡು ಕಂಬಳಿಯನ್ನು ತಲೆಯವರೆಗೆ ಎಳೆದುಕೊಳ್ಳುತ್ತಾರೆ. ಇದನ್ನು ಅವರು, ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುವುದು ಬೆಳಗಿನ ಐದು ಗಂಟೆಗೆ, ಗುಡ್ಡದ ಬುಡದಲ್ಲಿ, ಚಪ್ಪಲಿ ಕಳಚಿ ಕಲ್ಲಿನ ಸಂದಿಗೆ ಸಿಕ್ಕಿಸುತ್ತಾ.

“ಮಳೆಗಾಲದಾಗೆ ಮೀನು ದಡಕ್ಕೆ ಬರ್ತಾವೆ ಅಕ್ಕಾರೆ. ನಿದ್ದೆ ಕೆಡಿಸ್ತಾವೆ.”

ಉಜ್ಜಪ್ಪ ನೀರುಗಂಟಿ. ಊರ ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವುದು, ಏರಿ ಕಾಯುವುದು ಅವರ ಕೆಲಸ. ಶಿಕಾರಿಪುರ ತಾಲ್ಲೂಕು ಮುಗಿದು ಸೊರಬ ತಾಲ್ಲೂಕು ಶುರುವಾಗುವ ಕಡೆ, ತೊಗರ್ಸಿಯಲ್ಲಿ ಬಸ್ಸಿಳಿದು ಒಂದು ಗಂಟೆ ನಡೆದರೆ ಅವರ ಊರು. ಊರಿನ ಹೆಸರು ಬರೆಯಬಾರದು, ಸುಗ್ಗಿ ಮುಗಿಯುವವರೆಗೆ ಅಚ್ಚು ಹಾಕಿಸಬಾರದು ಎಂದು ಅವರು ಕೇಳಿಕೊಂಡಿದ್ದರು. ಎರಡನ್ನೂ ಪಾಲಿಸಿದ್ದೇನೆ. ಇಲ್ಲಿರುವ ಜನರ ಹೆಸರುಗಳನ್ನೂ ಬದಲಿಸಿದ್ದೇನೆ. ಇದು 1997ರ ಶ್ರಾವಣದ ಮಾತು.

ಗುಡ್ಡಕ್ಕೆ ಮರವಿಲ್ಲ. ಮೊಣಕಾಲುದ್ದದ ಹುಲ್ಲು, ನಡುವೆ ಕರಿಬಂಡೆ, ಅಲ್ಲಲ್ಲಿ ಕವಳೆ ಪೊದೆ. ದಾರಿ ಎಂದು ಕರೆಯಬಹುದಾದದ್ದು ಉಜ್ಜಪ್ಪ ಅವರ ಪಾದವೇ ತುಳಿದು ಮಾಡಿದ ಒಂದು ಗೆರೆ. ಮಳೆಗೆ ಅದು ಜಾರುತ್ತದೆ. ನಾನು ಏಳು ಕಡೆ ನಿಲ್ಲುತ್ತೇನೆ. ಅವರು ಎರಡೇ ಕಡೆ, ಅದೂ ಉಸಿರಿಗಲ್ಲ, ಗಾಳಿ ಯಾವ ಕಡೆಯಿಂದ ಎಂದು ನೋಡಲು. ಅವರಿಗೆ ಐವತ್ತೆಂಟು ವರ್ಷ. ಎಡಗಾಲು ಸ್ವಲ್ಪ ಎಳೆಯುತ್ತದೆ.

“ಮೆತ್ತಗೆ ಬರ್ರಿ. ನೀವು ಉರುಳಿದ್ರೆ ನಂಗೆ ಇಬ್ರನ್ನ ಕಾಯೋ ಕೆಲಸ ಆಗ್ತದೆ. ಕೆರೆನೂ, ನಿಮ್ಮನ್ನೂ.”

ಮಳೆಗಾಲದ ನಾಲ್ಕು ತಿಂಗಳು ಅವರು ದಿನಾ ಬೆಳಿಗ್ಗೆ ಈ ಗುಡ್ಡ ಹತ್ತುತ್ತಾರೆ. ಹತ್ತಲು ಐವತ್ತು ನಿಮಿಷ, ಇಳಿಯಲು ನಲವತ್ತು. ಮೂವತ್ತೊಂದು ವರ್ಷಕ್ಕೆ ಮೂರೂವರೆ ಸಾವಿರ ಸಲಕ್ಕೆ ಕಡಿಮೆಯಿಲ್ಲ. ಈ ಲೆಕ್ಕ ನನ್ನದು, ಅವರು ಎಣಿಸಿಲ್ಲ.

ಕಾರಣ ಕೆರೆಗಳ ಜೋಡಣೆಯಲ್ಲಿದೆ. ಇಲ್ಲಿ ಕೆರೆಗಳು ಒಂದರ ಕೆಳಗೆ ಒಂದು. ಮೇಲಿನದು ತುಂಬಿದರೆ ಅದರ ಕೋಡಿಯಿಂದ, ಅಂದರೆ ಹೆಚ್ಚಾದ ನೀರು ಹೊರಬೀಳುವ ಕಡೆಯಿಂದ, ಕೆಳಗಿನ ಕೆರೆಗೆ ನೀರು ಹರಿಯುತ್ತದೆ. ಊರಿನ ಕೆರೆಯ ಕೋಡಿಗೆ ಪ್ರತಿ ವರ್ಷ ಮೂರು ಹಲಗೆ ಕಟ್ಟುತ್ತಾರೆ. ಅದರಿಂದ ಮೊಳದಷ್ಟು ನೀರು ಹೆಚ್ಚು ನಿಲ್ಲುತ್ತದೆ. ಆ ಮೊಳ ನೀರೇ ಕಡೆಯ ಗದ್ದೆಗಳ ಬೆಳೆ. ಹಲಗೆಯನ್ನು ಬೇಗ ತೆಗೆದರೆ ಬೆಳೆ ಒಣಗುತ್ತದೆ. ತಡವಾಗಿ ತೆಗೆದರೆ ಏರಿ ಒಡೆಯಬಹುದು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದು ನಾಲ್ಕು ಗಂಟೆಯಾದ ಮೇಲೆ ನೀರು ಊರು ಮುಟ್ಟುತ್ತದೆ. ಅದು ಬಿದ್ದಿದೆಯೇ ಎಂದು ತಿಳಿಯುವುದು ಈ ಗುಡ್ಡದ ತುದಿಯಿಂದ ಮಾತ್ರ.

ಅವರ ತಂದೆಯೂ ನೀರುಗಂಟಿಯಾಗಿದ್ದರು. ಗುಡ್ಡ ಹತ್ತುತ್ತಿರಲಿಲ್ಲ, ನೀರಿನ ಸದ್ದು ಕೇಳಿಯೇ ಹೇಳುತ್ತಿದ್ದರು. ಒಂದು ವರ್ಷ ಗಾಳಿಯ ಅಬ್ಬರದಲ್ಲಿ ಸದ್ದು ಕೇಳಲಿಲ್ಲ, ಏರಿ ಬಿರಿಯಿತು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಹನ್ನೊಂದು ದನ ಕಟ್ಟಿದ ಕಡೆಯೇ ಸತ್ತವು. “ಅಪ್ಪ ಆಮೇಲೆ ಊರೊಳಗೆ ತಲೆ ಎತ್ತಿ ನಡೀಲಿಲ್ಲ” ಎನ್ನುತ್ತಾರೆ ಉಜ್ಜಪ್ಪ. ಮುಂದಿನ ಮಳೆಗಾಲದಿಂದ ಮಗ ಗುಡ್ಡ ಹತ್ತತೊಡಗಿದರು.

ಐದು ವರ್ಷದ ಹಿಂದೆ ಬಂಡೆಯ ಮೇಲೆ ಜಾರಿ ಕಾಲು ಮುರಿದಾಗ ಎರಡು ತಿಂಗಳು ಹತ್ತಿದವರು ಅವರ ಹೆಂಡತಿ ತಿಮ್ಮಮ್ಮ. ಹಿಂದಿನ ರಾತ್ರಿ ನನಗೆ ಊಟ ಬಡಿಸುತ್ತಾ ಅವರು ಕೇಳಿದ್ದರು: “ನಾನೂ ಹತ್ತೀನಿ ತಂಗಿ. ಒಂದು ದಿನಾನೂ ತಪ್ಪು ಹೇಳಿಲ್ಲ. ನನ್ನ ಫೋಟೋ ಯಾವ ಪೇಪರಿಗೆ ಹಾಕ್ತೀಯ?” ಗುಡಿಸಲಿಗೆ ಹೊರಟಿದ್ದ ಉಜ್ಜಪ್ಪ ಬಾಗಿಲಿನಿಂದಲೇ, “ದಿನಾ ಕೆಳಗಿಳಿದ ಮೇಲೆ ನಂಗೆ ಬೈದಿದ್ದನ್ನೂ ಬರ್ಕೊಳ್ರಿ” ಎಂದಿದ್ದರು.

ಊರಿನಲ್ಲಿ ಈಗ ಬೇರೆ ಮಾತು ಎದ್ದಿದೆ. ಕೋಡಿಯ ಹತ್ತಿರವೇ ಎರಡು ಗದ್ದೆ ಇರುವ ಸದಾಶಿವಪ್ಪ, ಗುಡ್ಡ ಹತ್ತುವ ನೀರುಗಂಟಿ ಇನ್ನೇಕೆ ಎನ್ನುತ್ತಾರೆ. ಕೆರೆಯೊಳಗೆ ಅಳತೆಗಲ್ಲು ನೆಟ್ಟು ಬಣ್ಣ ಬಳಿದರೆ ಯಾರು ಬೇಕಾದರೂ ನೋಡಿ ಹಲಗೆ ತೆಗೆಯಬಹುದು ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಸೋಮವಾರ ಗುಡಿಕಟ್ಟೆಯಲ್ಲಿ ಸಭೆ. ಉಜ್ಜಪ್ಪ ಅವರ ಪರವಾಗಿ ಹೇಳಲು ಇರುವುದು ಒಂದೇ: ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಹಲಗೆ ತೆಗೆಯುವ ಹೊತ್ತು ತಪ್ಪಿಲ್ಲ.

ನಾವು ತುದಿ ಮುಟ್ಟುವಾಗ ಆರಕ್ಕೆ ಹತ್ತು ನಿಮಿಷ ಇದೆ. ಕೆಳಗೆಲ್ಲ ಮಂಜು. ಉಜ್ಜಪ್ಪ ಒಂದು ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂರುತ್ತಾರೆ, ಎಲೆ ಅಡಿಕೆ ತೆಗೆಯುತ್ತಾರೆ, ಹಾಕಿಕೊಳ್ಳುವುದಿಲ್ಲ. ಮೊದಲು ಪೂರ್ವ ತೆರೆದುಕೊಳ್ಳುತ್ತದೆ. ಶಿಕಾರಿಪುರದ ಕಡೆಯ ಬಯಲು, ಗೋವಿನಜೋಳದ ಹೊಲಗಳು, ದೂರದಲ್ಲಿ ದೀಪ ಆರಿಸದೆ ಹೋಗುತ್ತಿರುವ ಒಂದು ಬಸ್ಸು. ಆಮೇಲೆ ಪಶ್ಚಿಮ. ಅಲ್ಲಿ ನೆಲ ಮಡಿಕೆಮಡಿಕೆಯಾಗಿದೆ, ಬಣ್ಣ ಗಾಢವಾಗಿದೆ. ಪ್ರತಿ ಮಡಿಕೆಯಲ್ಲೂ ಒಂದೊಂದು ಕೆರೆ ಹೊಳೆಯತೊಡಗುತ್ತದೆ. ನಾನು ಎಣಿಸುತ್ತೇನೆ, ಐದು. ಅವರು ಕೈ ತೋರಿಸಿದ ಮೇಲೆ ಏಳು.

“ಮಂಜೂ ನೀರಿನಂಗೇ ಕಾಣ್ತದೆ. ಮಂಜು ಅಲುಗ್ತದೆ, ನೀರು ಅಲುಗಲ್ಲ. ಅಷ್ಟೇ ವ್ಯತ್ಯಾಸ.”

ಮೇಲಿನ ಕೆರೆಯ ಮೂಲೆಯಲ್ಲಿ ದಾರದಂತೆ ಒಂದು ಬಿಳಿ ಗೆರೆ. ಕೋಡಿ ಬಿದ್ದಿದೆ. ಯಾವಾಗ ಬಿತ್ತೋ ಗೊತ್ತಿಲ್ಲ. ಅವರು ಏಳುತ್ತಾರೆ, ಆತುರವಿಲ್ಲ: ನಿನ್ನೆ ಸಂಜೆ ತಮ್ಮ ಏರಿಯ ಅಂಚಿಗೆ ಮೂರು ಗೇಣು ಬಾಕಿಯಿತ್ತು. ಇಳಿದು, ಒಂದೊಂದೇ ಹಲಗೆ ತೆಗೆದು, ನೀರನ್ನು ನಿಧಾನವಾಗಿ ಬಿಡಲು ಹೊತ್ತಿದೆ. ರೂಢಿಯಂತೆ ಕೊನೆಗೊಮ್ಮೆ ತಮ್ಮ ಕೆರೆಯ ಕಡೆ ತಿರುಗುತ್ತಾರೆ. ಅಲ್ಲೇ ನಿಲ್ಲುತ್ತಾರೆ.

“ನಮ್ಮ ಕೋಡಿ ಬಿಳಿ ಎಲ್ಲಿ?”

ನಾನೂ ನೋಡುತ್ತೇನೆ. ನಿನ್ನೆ ಸಂಜೆ ಹಲಗೆಗಳ ಮೇಲಿನಿಂದ ತೆಳ್ಳಗೆ ಬೀಳುತ್ತಿದ್ದ ನೀರು ಕಾಣುತ್ತಿಲ್ಲ. ಅದರ ಬದಲು ಇನ್ನೊಂದು ಕಾಣುತ್ತದೆ. ಕೆಳಗಿನ ಹಸಿರಿನ ನಡುವೆ, ಕಡೆಯ ಗದ್ದೆಗಳಲ್ಲೊಂದರ ಬದಿಯಲ್ಲಿ, ಚೌಕವಾಗಿ ಕತ್ತರಿಸಿದಂತೆ ಒಂದು ಕೆಂಪು ತುಂಡು. ಹುಲ್ಲಿನ ಸಮೇತ ಮಣ್ಣಿನ ಹೆಂಟೆಗಳನ್ನು ಕಡಿದು ಎತ್ತಿದ ಹಸಿ ಗಾಯ. ನಿನ್ನೆ ಅದು ಇರಲಿಲ್ಲ ಎನ್ನುತ್ತಾರೆ. ಅದು ಯಾರ ಗದ್ದೆಯೋ ನನಗೆ ತಿಳಿಯದು. ಅವರಿಗೆ ತಿಳಿಯುತ್ತದೆ. ನನ್ನ ಮುಖ ನೋಡದೆ, “ರಾತ್ರಿ ಕೇಳಿದ್ದು ಮೀನಲ್ಲ” ಎಂದಷ್ಟೇ ಹೇಳಿ ಇಳಿಯತೊಡಗುತ್ತಾರೆ.

ಕೋಡಿಗೆ ನಾನು ಬಂದು ಮುಟ್ಟುವಾಗ ಅವರು ಸೊಂಟದವರೆಗಿನ ನೀರಿನಲ್ಲಿದ್ದಾರೆ. ಮೂರು ಹಲಗೆಗಳ ಮೇಲೆ ಯಾರೋ ಎರಡು ಸಾಲು ಹೆಂಟೆ ಇಟ್ಟು, ಕಾಲಿನಿಂದ ಬಡಿದು ಕೂರಿಸಿದ್ದಾರೆ. ಇನ್ನೊಂದು ಗೇಣು ನೀರು ಹೆಚ್ಚು ನಿಂತಿದೆ. ಏರಿಯ ಅಂಚಿಗೆ ಎರಡು ಗೇಣು ಬಾಕಿ. ಮೇಲಿನ ಕೆರೆಯ ನೀರು ದಾರಿಯಲ್ಲಿದೆ, ಎಷ್ಟು ದೂರ ಬಂದಿದೆಯೋ ತಿಳಿಯದು. ಒಂದೊಂದೇ ಹಲಗೆ ತೆಗೆಯುವ ಹೊತ್ತು ಉಳಿದಿಲ್ಲ. ಉಜ್ಜಪ್ಪ ಗುದ್ದಲಿಯಿಂದ ಹೆಂಟೆಗಳನ್ನು ಎಬ್ಬಿಸುತ್ತಾರೆ, ಅವು ನೀರಿನ ಜೊತೆಯೇ ಕೊಚ್ಚಿಕೊಂಡು ಹೋಗುತ್ತವೆ. ಆಮೇಲೆ ಮೂರು ಹಲಗೆಯನ್ನೂ ಒಟ್ಟಿಗೆ ಕೀಳುತ್ತಾರೆ.

ನೀರು ಹಾರಿ ಹೋಗುವ ರಭಸಕ್ಕೆ ಕೋಡಿಯ ಹಳ್ಳದ ಪಕ್ಕದ ಎರಡು ಗದ್ದೆಗಳಲ್ಲಿ ವಾರದ ಹಿಂದೆ ನಾಟಿ ಮಾಡಿದ ಸಸಿ ಕಿತ್ತುಕೊಂಡು ಹೋಗುತ್ತದೆ. ಅವು ಸದಾಶಿವಪ್ಪನವರ ಗದ್ದೆಗಳು. ಅವರು ಬರುವಾಗ ದಡದಲ್ಲಿ ಮೂರು ಹಲಗೆ ಬಿಟ್ಟರೆ ಬೇರೇನೂ ಇಲ್ಲ.

“ಏನೋ ಉಜ್ಜಪ್ಪ, ಗುಡ್ಡದ ಮೇಲೆ ಗಾಳಿ ಕುಡೀತಾ ಕೂತಿದ್ಯೇನೋ? ಮೂರೂ ಒಟ್ಟಿಗೆ ಕೀಳೋದಂದ್ರೇನು? ಕಣ್ಣು ಹೋಗ್ಯಾವೋ, ಬುದ್ಧಿ ಹೋಗೈತೋ?”

“ತಡ ಆತು ಯಜಮಾನ್ರೆ.”

“ತಡ ಆತಂತೆ! ಸೋಮವಾರ ಕಟ್ಟೆ ಮೇಲೆ ಹೇಳು ಇದನ್ನ.”

ಹತ್ತು ಗಂಟೆಗೆ ಮೇಲಿನ ನೀರು ಕೆಂಪಗೆ, ಕಸಕಡ್ಡಿ ಹೊತ್ತು ಬರುತ್ತದೆ. ಕೆರೆ ಏರುತ್ತದೆ, ಖಾಲಿಯಾದ ಕೋಡಿಯಲ್ಲಿ ದಾರಿ ಸಿಕ್ಕಿ ಹರಿದುಹೋಗುತ್ತದೆ. ಏರಿಗೆ ಏನೂ ಆಗುವುದಿಲ್ಲ. ನೋಡಲು ಯಾರೂ ನಿಂತಿಲ್ಲ. ಜನರೆಲ್ಲ ಸದಾಶಿವಪ್ಪನವರ ಗದ್ದೆಯ ಹತ್ತಿರವಿದ್ದಾರೆ.

ಮಧ್ಯಾಹ್ನ ಉಜ್ಜಪ್ಪ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಾರೆ. ಊರಿನ ಕಟ್ಟಳೆಯನ್ನು ನನಗೆ ವಿವರಿಸುವವರು ತಿಮ್ಮಮ್ಮ: ನೀರುಗಂಟಿಯಲ್ಲದವರು ಕೋಡಿ ಮುಟ್ಟಿದರೆ ಆ ವರ್ಷ ಅವರ ಗದ್ದೆಗೆ ನೀರಿನ ಸರದಿ ಇಲ್ಲ. ಹಾಗಾಗಿ ಸೋಮವಾರ ಒಂದು ಹೆಸರು ಹೇಳಿದರೆ ಗಂಡನ ಮೇಲಿನ ಮಾತು ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಗಂಡನ ಕಡೆ ತಿರುಗುತ್ತಾರೆ. “ಹೇಳ್ರಿ. ಬಾಯಿಗೆ ಬೀಗ ಹಾಕೀರೇನು? ಮೂವತ್ತು ವರ್ಷ ಕಾಲು ಸವೆಸಿದ್ದು ಈ ಮಾತು ಕೇಳಾಕಾ?”

ಉಜ್ಜಪ್ಪ ರೊಟ್ಟಿ ಮುರಿಯುತ್ತಾರೆ. “ಹೆಂಟೆ ಕಡಿದ ಗದ್ದೆ ಕೆಳಗೆ ಇನ್ನೂ ನಾಕು ಗದ್ದೆ ಅವೆ. ಅದರಾಗಿಂದಲೇ ಅವಕ್ಕೂ ನೀರು ಇಳೀಬೇಕು. ಅದರ ಸರದಿ ನಿಂತ್ರೆ ಐದೂ ಒಣಗ್ತಾವೆ. ಉಳಿದ ನಾಕು ಜನ ಏನು ಮಾಡ್ಯಾರೆ?”

“ಅದನ್ನ ಕಟ್ಟೆ ಮೇಲೆ ಕೂತವರು ನೋಡ್ಕೋತಾರೆ.”

“ಅವರು ದಂಡ ಹಾಕೋರು. ನೀರು ಬಿಡೋನು ನಾನು.”

ನಾನು ನೋಟ್‌ಬುಕ್ ತೆರೆದುಕೊಂಡೇ ಕೇಳುತ್ತೇನೆ: ಸೋಮವಾರ ಅವರು ನಿಮ್ಮನ್ನು ಬಿಡಿಸಿದರೆ? ಉಜ್ಜಪ್ಪ ಹೇಳುತ್ತಾರೆ, “ಅಳತೆಗಲ್ಲು ನೆಡ್ಲಿ, ಒಳ್ಳೇದೇ. ಆದ್ರೆ ಕಲ್ಲಿಗೆ ಮೇಲಿನ ಕೆರೆ ಕಾಣಲ್ಲ. ನಾನು ನೀರುಗಂಟಿ ಅಲ್ಲ ಅಂದ್ರೂ ಬೆಳಿಗ್ಗೆ ಹತ್ತಿ ಬರ್ತೀನಿ, ಬ್ಯಾಡ ಅನ್ನಾಕೆ ಗುಡ್ಡ ಯಾರ ಅಪ್ಪಂದೂ ಅಲ್ಲ.” ಮತ್ತೆ, ತಗ್ಗಿದ ದನಿಯಲ್ಲಿ, “ಏರಿ ಒಡೀಲಿಲ್ಲಲ್ಲ, ಅಕ್ಕಾರೆ.”

ತಿಮ್ಮಮ್ಮ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ದನಿ ಇಳಿಸಿ ಕೇಳುತ್ತಾರೆ. “ಕಟ್ಟೆ ಮೇಲೆ ಬ್ಯಾಡ. ಯಾರು ಇಟ್ಟಿದ್ದು ಅಂತ ನಂಗಾದ್ರೂ ಹೇಳ್ರಿ.”

“ನಿಂಗೂ ಇಲ್ಲ” ಎಂದು ಉಜ್ಜಪ್ಪ ಕೈ ತೊಳೆಯಲು ಏಳುತ್ತಾರೆ.