ಸುಭಾನಸಾಬನ ಶುಕ್ರವಾರದ ನಂಬರು

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ನನ್ನ ವೆಲ್ಡಿಂಗ್ ಅಂಗಡಿ. ಅದಕ್ಕೆ ಆತುಕೊಂಡು ಒಂದು ತಗಡಿನ ಡಬ್ಬಿಯಂಗಡಿ. ಅದರೊಳಗೆ ಸುಭಾನಸಾಬ ಗಡಿಯಾರ ರಿಪೇರಿ ಮಾಡುತ್ತಿದ್ದ. ಅವನು ಸತ್ತ ಮೇಲೂ ಊರಿನ ಕೆಲವರು ಅವನಿಗೆ ತಲೆ ಕೆಟ್ಟಿತ್ತು ಎನ್ನುತ್ತಾರೆ. ಹಾಗೆನ್ನುವವರು ಅವನ ಜೊತೆ ಒಂದು ಶುಕ್ರವಾರವಾದರೂ ಹೋಗಿದ್ದರೇನು? ನಾನು ಹೋಗಿದ್ದೇನೆ, ಆರು ವರ್ಷ. ಅದಕ್ಕೇ ಬರೆಯುತ್ತಿದ್ದೇನೆ.

2003ರಲ್ಲಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಜಾಗ ನೋಡುವ ಜನ ಬಂದಿದ್ದರು. ಅವರಲ್ಲೊಬ್ಬ ಅಂಗೈಯಗಲದ ಮಷಿನ್ನು ತಂದು, ಸೆಲ್ ಹಾಕಿದರೂ ಚಾಲೂ ಆಗುತ್ತಿಲ್ಲ ಎಂದು ಕೊಟ್ಟು ಹೋದ. ಸುಭಾನಸಾಬ ಒಳಗೆ ಸೆಲ್ಲಿಗೆ ತಾಗುವ ತಗಡಿನ ಪತ್ತಿಗೆ ಹಿಡಿದ ಕಿಲುಬು ಕೆರೆದು ಚಾಲೂ ಮಾಡಿಟ್ಟ. ತಿಂಗಳ ಮೇಲೆ ಬಂದ ಆ ಮನುಷ್ಯ, ತನಗೆ ಹೊಸದು ಬಂದಿದೆ, ಇದು ನಿಮಗೇ ಇರಲಿ ಎಂದ. ಹೇಗೆ ನೋಡಬೇಕೆಂಬುದನ್ನೂ ಹೇಳಿಕೊಟ್ಟ. ಭೂಮಿಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದಿದ್ದಾರೆ, ಅವನ್ನು ಅಂಶ, ಮಿನಿಟು, ಸೆಕೆಂಡು ಎಂದು ಭಾಗ ಮಾಡಿದ್ದಾರೆ, ನಾವು ನಿಂತ ಜಾಗದ ನಂಬರನ್ನು ಈ ಮಷಿನ್ನು ಹೇಳುತ್ತದೆ ಎಂದ.

ಸುಭಾನಸಾಬ ನನ್ನನ್ನು ಕರೆದ. “ಸಿದ್ದಾ, ಮಿನಿಟು, ಸೆಕೆಂಡಂತ! ಈ ಭೂಮೀನೂ ಒಂದು ಗಡಿಯಾರನ ಐತಲ್ಲೋ!”

“ಕೆಟ್ಟರ ನೀನ ರಿಪೇರಿ ಮಾಡು” ಎಂದೆ.

ಅವತ್ತಿನಿಂದ ಶುರುವಾಯಿತು. ವಾರದಲ್ಲಿ ರಿಪೇರಿಗೆ ಬಂದ ಗಡಿಯಾರಗಳಲ್ಲಿ ಎರಡನ್ನು ಕಣ್ಣು ಮುಚ್ಚಿ ಎತ್ತುವುದು. ಅವು ಎಲ್ಲಿ ನಿಂತಿವೆಯೋ ನೋಡುವುದು. ಮೊದಲನೆಯದರ ಮಿನಿಟು ಮುಳ್ಳು, ಸೆಕೆಂಡು ಮುಳ್ಳು ಉತ್ತರದ ನಂಬರು. ಎರಡನೆಯದರವು ಪೂರ್ವದ ನಂಬರು. ಹದಿನೈದು, ಎಪ್ಪತ್ತೈದು ಎಂಬ ಅಂಶಗಳು ನಮ್ಮ ಸೀಮೆಗೆ ಕಾಯಂ. ಶುಕ್ರವಾರ ನಮಾಜು ಮುಗಿಸಿ ಬಂದು ನಂಬರು ಬರೆದುಕೊಂಡು, ನನ್ನ ಎಂ-80 ಗಾಡಿಯ ಹಿಂದೆ ಕೂತರೆ ಆಯಿತು. ದೂರದ ಜಾಗ ಬಿದ್ದರೆ ಬಸ್ಸು. ಬಿದ್ದ ನಂಬರನ್ನು ಬಿಡುವಂತಿಲ್ಲ, ಅದು ಅವನ ಕಾಯಿದೆ. ಆ ಜಾಗದಲ್ಲಿ ಒಂದು ಗಳಿಗೆ ನಿಲ್ಲುವುದು. ಯಾರಾದರೂ ಇದ್ದರೆ ಹೊಲದ ಹೆಸರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುವುದು. ನಮ್ಮಲ್ಲಿ ಹೆಸರಿಲ್ಲದ ಹೊಲ ಇಲ್ಲವಲ್ಲ. ಬನ್ನಿಗಿಡದ ಹೊಲ, ಮೂಲಿಮನಿ ಹೊಲ, ನರಿ ಸತ್ತ ಹೊಲ, ಹೀಗೆ ಅರವತ್ತಕ್ಕೂ ಹೆಚ್ಚು ಹೆಸರು ಅವನ ಹತ್ತಿರ ಇದ್ದವು.

ಒಮ್ಮೆ ನರಗುಂದದ ಕಡೆ ನಂಬರು ಕಾಲುವೆಯ ನಡು ನೀರಿಗೆ ಬಿತ್ತು. ಪಾಯಿಜಾಮ ಮೇಲೆತ್ತಿ ಇಳಿದೇ ಬಿಟ್ಟ. ಇನ್ನೊಮ್ಮೆ ರೋಣದಲ್ಲಿ ಒಬ್ಬಳ ಅಡಿಗೆಮನೆಯೊಳಗೇ ಬಿತ್ತು. ಗೌರವ್ವ ಎಂಬ ಮುದುಕಿ ರೊಟ್ಟಿ ಬಡಿಯುತ್ತಿದ್ದಳು.

“ಏನ್ ಬೇಕಾಗಿತ್ರಿ?”

“ಏನೂ ಬ್ಯಾಡ್ರಿ ಯವ್ವಾ. ನಿಮ್ಮ ಒಲಿ ಮುಂದ ಒಂದ ಗಳಿಗಿ ನಿಂದರಬೇಕಾಗೇತಿ.”

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನಿಂದರ್ರಿ. ನಿಂತಲ್ಲೇ ಒಂದ ರೊಟ್ಟೀನೂ ತಿನ್ರಿ. ಸುಮ್ಮನ ನಿಂತವರನ್ನ ಕಂಡ್ರ ನನಗ ಆಗಂಗಿಲ್ಲ.”

ಇಂಥ ಮನುಷ್ಯ ಒಂದೇ ಒಂದು ಹೊಲಕ್ಕೆ ಕಾಲಿಡುತ್ತಿರಲಿಲ್ಲ. ಲಕ್ಕಲಕಟ್ಟಿಯಲ್ಲಿ ತಮ್ಮ ಬಾಷಾನ ಹೊಲ. ಅಪ್ಪನ ಹೊಲವನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿದ್ದರು, ನಡುವೆ ಬದು. ಬಾಷಾ ನೇಗಿಲು ಹೊಡೆಯುವಾಗ ವರ್ಷಕ್ಕಿಷ್ಟು ಬದುವನ್ನು ತಿಂದು, ತನ್ನ ಎರಡು ಮೊಳ ಭೂಮಿ ಒತ್ತಿದ್ದಾನೆಂದು ಸುಭಾನಸಾಬ ಜಗಳ ತೆಗೆದ. ಮಾತಿಗೆ ಮಾತು ಬೆಳೆದು, “ನಿನ್ನ ಹೊಲಕ್ಕ ಕಾಲಿಟ್ರ ಈ ಕಾಲ ಸೇದಿ ಹೋಗ್ಲಿ” ಎಂದು ಆಣೆ ಮಾಡಿದ. ತನ್ನ ಪಾಲನ್ನು ಬೇರೊಬ್ಬ ರೈತನಿಗೆ ಲಾವಣಿಗೆ ಕೊಟ್ಟು ಗಜೇಂದ್ರಗಡಕ್ಕೆ ಬಂದು ಅಂಗಡಿ ಹಾಕಿದ. 2006ಕ್ಕೆ ಅದಾಗಿ ಹದಿನಾಲ್ಕು ವರ್ಷ.

2006ರ ದೀಪಾವಳಿ ಹೊತ್ತಿಗೆ ಬಾಷಾನಿಗೆ ಲಕ್ವಾ ಹೊಡೆಯಿತು. ಎಡಭಾಗ ಪೂರಾ ಬಿದ್ದುಹೋಯಿತು, ಮಾತು ತೊದಲಾಯಿತು. ದವಾಖಾನೆಯವರು ಮನೆಗೆ ಒಯ್ಯಿರಿ ಎಂದರು. ಸುಭಾನಸಾಬನ ಹೆಂಡತಿ ರಹಿಮತಬಿ ನನ್ನ ಅಂಗಡಿಗೇ ಬಂದಳು.

“ಸಿದ್ದಣ್ಣಾ, ನಾ ಹೇಳಿ ಸಾಕಾತು. ಮೈದುನ ಉಳಿಯಂಗ ಕಾಣವಲ್ಲ. ನೀವರೆ ಹೇಳ್ರಿ.”

ಹೇಳಿದೆ. ಹೇಳಿದೆನೆಂದರೆ, ಬೀದಿಯ ಜನ ನಿಂತು ಕೇಳುವಂತೆ ಒದರಿದೆ. “ಕಂಡವರ ಒಲಿ ಮುಂದ ಹೋಗಿ ನಿಂದರ್ತಿ, ಒಡಹುಟ್ಟಿದವನ ಹಾಸಿಗಿ ಮುಂದ ನಿಂದ್ರಾಕ ಏನ್ ಧಾಡಿ ನಿನಗ?”

ಅವನು ಕಣ್ಣಿಗೆ ಹಚ್ಚಿದ ಭೂತಗನ್ನಡಿ ತೆಗೆಯಲಿಲ್ಲ. “ನಂಬರ ಬಿದ್ರ ಹೋಗ್ತೇನಿ” ಎಂದ, ಅಷ್ಟೇ.

ನನಗೆ ಮೈ ಉರಿದುಹೋಯಿತು. ಬೀಳದೇ ಏನು ಮಾಡುತ್ತದೆ, ನಾನು ಬೀಳಿಸುತ್ತೇನೆ ಎಂದುಕೊಂಡೆ. ಸೆಲ್ ಹಾಕಿಸಿ ತರುವೆನೆಂದು ಸುಳ್ಳು ಹೇಳಿ ಮಷಿನ್ನು ತೆಗೆದುಕೊಂಡು ಲಕ್ಕಲಕಟ್ಟಿಗೆ ಹೋದೆ. ಬಾಷಾನ ಹೊಲದಲ್ಲಿ ಬದುವಿನ ಹತ್ತಿರ ನಿಂತು ನಂಬರು ಬರೆದುಕೊಂಡು ಬಂದೆ. ಮುಂದಿನ ಶುಕ್ರವಾರ ಅವನು ಮಸೀದಿಗೆ ಹೋದಾಗ, ಗಾಜು ಬಿಚ್ಚಿಟ್ಟಿದ್ದ ಎರಡು ಗಡಿಯಾರಗಳ ಮುಳ್ಳನ್ನು ಸೂಜಿಯಿಂದ ಸರಿಸಿ, ಬೇರೆಯವನ್ನೆಲ್ಲ ಡ್ರಾವರಿನೊಳಗೆ ತುರುಕಿದೆ. ಎತ್ತಿದರೆ ಅವೆರಡನ್ನೇ ಎತ್ತಬೇಕು.

ಬಂದ. ಕಣ್ಣು ಮುಚ್ಚಿ ಎತ್ತಿದ. ಭೂತಗನ್ನಡಿ ಹಚ್ಚಿ ಭಾಳ ಹೊತ್ತು ನೋಡಿದ. ಅಂಗಿಯ ಚುಂಗಿನಿಂದ ಒಂದು ಗಡಿಯಾರದ ಮುಖ ಒರೆಸಿದ. ನಂಬರು ಬರೆದ. ಅದು ಎಲ್ಲಿಯ ನಂಬರೆಂದು ಅವನಿಗೆ ಗೊತ್ತಾಯಿತೆಂಬುದು ನನಗೆ ಗೊತ್ತಾಯಿತು. ಮೂರು ವರ್ಷ ಈ ಸೀಮೆ ತಿರುಗಿದವನಿಗೆ ತನ್ನ ಊರಿನ ಮಿನಿಟು ತಿಳಿಯದೇ ಇರುತ್ತದೆಯೇ?

“ಇವತ್ತ ಬ್ಯಾಡ” ಎಂದ. “ಎಳ್ಳಮಾಸಿ ದಿನ ಹೋಗೂಣು. ಅವತ್ತ ಹೊಲಕ್ಕ ಬಂದವರನ್ನ ಹೋಗು ಅನ್ನಾಕ ಬರಂಗಿಲ್ಲ.”

ಹೌದು. ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಚರಗ ಚೆಲ್ಲುತ್ತಾರೆ. ಭೂಮಿತಾಯಿಗೆ ಎಡೆ ಹಾಕಿ, ಹೊಲದಲ್ಲೇ ಕೂತು ಉಣ್ಣುತ್ತಾರೆ. ಹಿಂದೂ ಇರಲಿ, ಮುಸಲ್ಮಾನರಿರಲಿ, ಹೊಲ ಇದ್ದವರೆಲ್ಲ ಮಾಡುತ್ತಾರೆ. ಅವತ್ತು ವೈರಿ ಬಂದರೂ ಉಣ್ಣಿಸಿ ಕಳಿಸಬೇಕು.

ಬಾಷಾನನ್ನು ಚಕ್ಕಡಿಯಲ್ಲಿ ಹೊಲಕ್ಕೆ ತಂದು ಬೇವಿನ ಗಿಡದ ಕೆಳಗೆ ಕೌದಿಯ ಮೇಲೆ ಒರಗಿಸಿದ್ದರು. ಅವನ ಹೆಂಡತಿ ಖಾತುನಬಿ ಬುತ್ತಿ ಬಿಚ್ಚುತ್ತಿದ್ದಳು. ನಮ್ಮನ್ನು ಕಂಡು ಸೆರಗು ತಲೆಗೆ ಎಳೆದುಕೊಂಡು ಎದ್ದು ನಿಂತಳು. ಸುಭಾನಸಾಬ ಹೊಲದ ಅಂಚಿನಲ್ಲಿ ಚಪ್ಪಲಿ ಬಿಟ್ಟ. ಆಮೇಲೆ ಕಾಲಿಟ್ಟ. ಯಾರನ್ನೂ ನೋಡದೆ ಮಷಿನ್ನು ಹಿಡಿದು ಕಡಲೆ ಸಾಲಿನ ನಡುವೆ ನಡೆದ. ಬೇರೆ ಕಡೆಯಾದರೆ ಹತ್ತು ಹೆಜ್ಜೆ ಆಚೀಚೆಯಾದರೂ ಸಾಕೆನ್ನುತ್ತಿದ್ದ. ಅವತ್ತು ಸೆಕೆಂಡಿಗೆ ಸೆಕೆಂಡು ಕೂಡುವ ತನಕ ನಡೆದು ಬದುವಿನ ಹತ್ತಿರ ನಿಂತ.

ಅಲ್ಲಿ ಬದುವಿನ ಉದ್ದಕ್ಕೂ ಎರಡು ಮೊಳ ಅಗಲ ಕಡಲೆ ಇರಲಿಲ್ಲ. ಬರೀ ಕರಿಕೆ ಹುಲ್ಲು, ನಡುನಡುವೆ ಸೊಂಟದೆತ್ತರದ ಬನ್ನಿ.

“ಇದನ್ಯಾಕ ಬೀಳ ಬಿಟ್ಟೀರಿ?” ಎಂದು ಕೇಳಿದ.

ಖಾತುನಬಿ ದೂರದಿಂದಲೇ ಹೇಳಿದಳು: “ನೀವು ಊರ ಬಿಟ್ಟ ವರ್ಷದಿಂದ ಇವರು ಅಲ್ಲೆ ನೇಗಿಲ ಹಾಯಿಸಾಕ ಬಿಟ್ಟಿಲ್ರಿ ಭಾವಾ. ಬಿತ್ತೂಣು ಅಂದ್ರ ನನ್ನ ಮ್ಯಾಲೆ ಏರಿ ಬರ್ತಿದ್ರು.”

“ಒಮ್ಮೆರೆ ಹೇಳಿ ಕಳಿಸಬಾರದಾಗಿತ್ತೇನು?”

“ನೀವು ಒಮ್ಮೆರೆ ಬಂದ ನೋಡಬಾರದಾಗಿತ್ತೇನ್ರಿ?”

ಸುಭಾನಸಾಬ ಬೇವಿನ ಗಿಡದ ಕೆಳಗೆ ಬಂದು ಕೂತ. ಬಾಷಾನ ಬಾಯಿ ಒಂದು ಕಡೆ ಜಗ್ಗಿತ್ತು. ಏನೋ ಹೇಳಲು ಹೋದ, ಜೊಲ್ಲು ಬಂತು. ಅಣ್ಣ ಒರೆಸಿದ. ಆಮೇಲೆ ಜೇಬಿನಿಂದ ನೋಟ್‌ಬುಕ್ಕು ತೆಗೆದು, ಕಂಡರಿಯದ ರೈತರನ್ನು ಕೇಳುವ ಹಾಗೆಯೇ ಕೇಳಿದ:

“ಆ ಪಟ್ಟಿಗೆ ಏನ್ ಹೆಸರೋ ಬಾಷಾ?”

ಬಾಷಾ ಎರಡು ಸಲ ಹೇಳಬೇಕಾಯಿತು. ನನಗೆ ತಿಳಿಯಲಿಲ್ಲ. ಸುಭಾನಸಾಬ ಬರೆದುಕೊಂಡ. ಖಾತುನಬಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಹಾಕಿದಳು. ತಮ್ಮನಿಗೆ ತುತ್ತು ಮುರಿದು ಬಾಯಿಗಿಡುತ್ತ ತಾನೂ ಉಂಡ. ನನಗೆ ಖಾರ ನೆತ್ತಿಗೇರಿತು ಎಂದು ಹೇಳಿ ಚಕ್ಕಡಿಯ ಹಿಂದೆ ಹೋಗಿ ನಿಂತೆ.

ಇಪ್ಪತ್ತು ದಿನಕ್ಕೆ ಬಾಷಾ ಹೋದ. ಮಣ್ಣಿಗೆ ಹೆಗಲು ಕೊಟ್ಟವರಲ್ಲಿ ಸುಭಾನಸಾಬ ಮುಂದಿದ್ದ. ಆಮೇಲೂ ಶುಕ್ರವಾರದ ತಿರುಗಾಟ ನಿಲ್ಲಲಿಲ್ಲ. ರಾಜೂರ, ಮುಶಿಗೇರಿ ಕಡೆ ಹೋದೆವು. ಆದರೆ ಸುಗ್ಗಿಯ ಮುಂಚೆ, ಮಳೆಯ ಮುಂಚೆ, ನಂಬರು ಬೀಳದಿದ್ದರೂ ಲಕ್ಕಲಕಟ್ಟಿಗೆ ಹೋಗಿ ಬರುತ್ತಿದ್ದ. 2009ರ ಚಳಿಗಾಲದಲ್ಲಿ ಎದೆ ಹಿಡಿದು ಅವನೂ ಹೋದ. ನಾನು ಮಾಡಿದ್ದನ್ನು ಅವನಿಗೆ ಹೇಳಿಯೇ ಇರಲಿಲ್ಲ.

ನಲವತ್ತು ದಿನದ ಫಾತೇಹ ಮುಗಿದ ಮೇಲೆ ರಹಿಮತಬಿ ಮಷಿನ್ನನ್ನೂ ನೋಟ್‌ಬುಕ್ಕನ್ನೂ ನನ್ನ ಕೈಗಿಟ್ಟಳು. ಹೊಲಗಳಿಗೆಲ್ಲ ಒಂದು, ಎರಡು, ಮೂರು ಎಂದು ಲೆಕ್ಕ ಹಾಕಿದ್ದ. ಅರವತ್ತೊಂದು ಆದ ಮೇಲೆ ಒಂದು ಸಾಲಿಗೆ ಲೆಕ್ಕವಿಲ್ಲ. ಅದರ ಮುಂದಿನದು ಅರವತ್ತೆರಡು. ಆ ಸಾಲಿನಲ್ಲಿ ಹೀಗಿತ್ತು:

“ಹೊಲದ ಹೆಸರು: ಅಣ್ಣನ ಪಟ್ಟಿ. ಇದು ಬಿದ್ದ ನಂಬರಲ್ಲ. ಗಡಿಯಾರದ ಮುಖದ ಮೇಲೆ ಸಿದ್ದನ ಮಸಿ ಬೆರಳು ಮೂಡಿತ್ತು. ಒರೆಸಿ ಹೋಗಿ ಬಂದೆ.”