ಗೋಡೆಗೆ ಒರಗಿದ ಗುದ್ದಲಿಗಳು

ಬಾಲಗಾಂವದಿಂದ ಉಮದಿಯ ಕಡೆಗೆ ಬಂಡಿದಾರಿ ಮಾಡಲು ನಾವು ಹರೆಯದವರು ಶ್ರಮದಾನಕ್ಕಿಳಿದಾಗ, ನಮ್ಮ ಗುದ್ದಲಿಗಳನ್ನು ಕಾಸಿ ಬಡಿದು ಹರಿತ ಮಾಡಿಕೊಟ್ಟವರು ಊರ ಕಂಬಾರ ಕಾಕಾ. ಸಂಜೆ ಮೊಂಡಾದವನ್ನು ಒಯ್ದರೆ, ಕುಲುಮೆಯಿಂದ ತಲೆಯೆತ್ತದೆ ಮೊಣಕೈಯಿಂದ ಬೆವರು ಒರೆಸಿಕೊಂಡು, “ಇಟ್ಟ ಹೋಗ್ರಪಾ, ಮುಂಜಾನಿ ಒಯ್ರಿ” ಅನ್ನುತ್ತಿದ್ದರು.

ದಾರಿ ಅರ್ಧವಾದಾಗ ತಾಲೂಕಿನ ಮಾಮಲೇದಾರರು ಬಂದು ನಮಗೆಲ್ಲ ಹಾರ ಹಾಕಿದರು. ಕಾಕಾರನ್ನೂ ಎಳೆತಂದು ಹಾಕಿಸಿದೆವು. ಅವರು ಹಾರ ತೆಗೆದು ಕೈಯಲ್ಲಿ ಹಿಡಿದು, “ಇನ್ನ ಅರ್ಧಾ ಐತೆಲ್ರಪಾ. ಗುದ್ದಲಿ ಯಾವಾಗ ತರ್ತೀರಿ?” ಎಂದರು.

“ಸಂಜಿಗಿ ತರ್ತೀವ್ರಿ ಕಾಕಾ,” ಎಂದೆ.

ಸಂಜೆ ಒಯ್ದಿಟ್ಟೆವು ಕೂಡ. ಮರುದಿನ ತರಲು ಯಾರೂ ಹೋಗಲಿಲ್ಲ, ಮುಂದೆಯೂ ಹೋಗಲಿಲ್ಲ. ಮೈಯೆಲ್ಲ ದಣಿದಿತ್ತು, ಹಾರವಂತೂ ಕೊರಳಿಗೆ ಬಿದ್ದಾಗಿತ್ತು.

ತಿಂಗಳ ಮೇಲೆ ಕುಲುಮೆಯ ಮುಂದೆ ಹಾದೆ. ಗುದ್ದಲಿಗಳು ಗೋಡೆಗೆ ಸಾಲಾಗಿ ಒರಗಿದ್ದವು. ಕಾಕಾ ತುಕ್ಕು ಹಿಡಿಯದಂತೆ ಅವಕ್ಕೆ ಎಣ್ಣೆ ಸವರುತ್ತಿದ್ದರು.