ಕೆಳಗಿನಿಂದ ಮೇಲಕ್ಕೆ ಹೋದ ಕೋಳಿ

2018ರಲ್ಲಿ ನಾನು ಜಮಖಂಡಿಯಿಂದ ಹೊರಡುತ್ತಿದ್ದ ಮಕ್ಕಳ ಚಿತ್ರಕಥಾ ವಾರಪತ್ರಿಕೆಯೊಂದರ ಸಂಪಾದಕನಾಗಿದ್ದೆ. ಸಂಪಾದಕ ಎಂದರೆ ದೊಡ್ಡ ಮಾತಾಯಿತು. ಕಚೇರಿಯಲ್ಲಿ ಇದ್ದವರೇ ಮೂವರು. ಮಾಲೀಕರು ಬಸಲಿಂಗಪ್ಪನವರು, ಕಂಪ್ಯೂಟರಿನಲ್ಲಿ ಪುಟ ಕಟ್ಟುವವರೊಬ್ಬರು ಮತ್ತು ನಾನು. ಆ ವರ್ಷದ ದಿನಚರಿ ಈಗ ನನ್ನ ಮುಂದಿದೆ. ಅದನ್ನು ತೆರೆಯದೆ ಬರೆದಿದ್ದರೆ ಈ ಕಥೆಯಲ್ಲಿ ನಾನು ನಿಜಕ್ಕಿಂತ ಜಾಣನಾಗಿ, ಧೈರ್ಯವಂತನಾಗಿ ಕಾಣುತ್ತಿದ್ದೆ.

ಪತ್ರಿಕೆಗೆ ಹದಿನಾರು ಪುಟ. ಮುದ್ರಣದ ದೊಡ್ಡ ಹಾಳೆಯನ್ನು ಮಡಚಿದರೆ ಎಂಟು ಪುಟವಾಗುತ್ತದೆ. ಹಾಗಾಗಿ ಪುಟಗಳು ಎಂಟರ ಲೆಕ್ಕದಲ್ಲೇ ಇರಬೇಕು. ಹದಿನಾಲ್ಕಕ್ಕೆ ನಿಲ್ಲಿಸುತ್ತೇನೆ ಎಂದರೆ ಆಗದು. ವಿಮಾನ ಹಾರಿಸುವ ವೀರನೊಬ್ಬನ ಸಾಹಸ ನಮ್ಮ ಮುಖ್ಯ ಕಥೆ, ಅದು ಹನ್ನೆರಡು ಪುಟ ತಿನ್ನುತ್ತಿತ್ತು. ಒಗಟು ಮತ್ತು ಮಕ್ಕಳ ಪತ್ರಗಳಿಗೆ ಎರಡು. ಹಿಂಭಾಗದಲ್ಲಿ ಉಳಿದ ಎರಡು ಪುಟಕ್ಕೆ ಯಾರಿಂದಲಾದರೂ ಒಂದು ಸಣ್ಣ ಚಿತ್ರಕಥೆ ಬರೆಸಿ ಹಾಕುತ್ತಿದ್ದೆವು. ಕಚೇರಿಯಲ್ಲಿ ಅದಕ್ಕೆ ‘ಭರ್ತಿ’ ಎಂದೇ ಹೆಸರು. ಮುಖ್ಯ ಕಥೆಯ ಚಿತ್ರಕಾರರ ಹೆಸರು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರುತ್ತಿತ್ತು. ಭರ್ತಿಗೆ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ. ಮುಖ್ಯ ಕಥೆಯನ್ನು ನಾನು ಮೂರು ಸಲ ತಿದ್ದುತ್ತಿದ್ದೆ. ಭರ್ತಿಯ ಮೇಲೆ ಕಣ್ಣಾಡಿಸಿ ಅಚ್ಚಿಗೆ ಒಪ್ಪಿಗೆಯ ಸಹಿ ಹಾಕುತ್ತಿದ್ದೆ.

ಆ ಬೇಸಿಗೆಯಲ್ಲಿ ನಮ್ಮ ಭರ್ತಿಯ ಚಿತ್ರಕಾರರು ಕೆಲಸ ಬಿಟ್ಟರು. ಚಿತ್ರ ಕಳಿಸಿ ಎಂದು ಪತ್ರಿಕೆಯಲ್ಲೇ ಪ್ರಕಟಣೆ ಕೊಟ್ಟೆವು. ಬನಹಟ್ಟಿಯಿಂದ ಶಿವಲೀಲಾ ಎಂಬವರು ಗ್ರಾಫ್ ಹಾಳೆಯ ಮೇಲೆ ಒಂದು ಕಥೆ ಬರೆದು ಕಳಿಸಿದರು. ಜಕಾರ್ಡ್ ಮಗ್ಗಕ್ಕೆ ಸೀರೆಯ ಅಂಚು, ಸೆರಗಿನ ವಿನ್ಯಾಸ ಬರೆಯುವುದು ಅವರ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದರು. ಹಾಳೆಯ ಒಂದೊಂದು ಚೌಕವೂ ಒಂದೊಂದು ಎಳೆ. ಆ ಚೌಕ ನೋಡಿ ರಟ್ಟಿಗೆ ತೂತು ಹೊಡೆಯುತ್ತಾರೆ, ಆ ತೂತಿನಂತೆ ಮಗ್ಗ ನೇಯುತ್ತದೆ. ಬಸಲಿಂಗಪ್ಪನವರು ಚಿತ್ರ ನೋಡಿ, “ಕೈ ಛಲೋ ಐತಿ. ಮೂರು ವಾರ ನೋಡೂಣು,” ಎಂದರು.

ಮೊದಲ ಕಥೆಗೆ ಮಾತೇ ಇರಲಿಲ್ಲ. ಎದುರುಬದುರು ಎರಡು ಪುಟಗಳ ಅಗಲಕ್ಕೆ, ಸೀರೆಯ ಅಂಚಿನ ಹಾಗೆ, ಒಂದರ ಮೇಲೊಂದು ಆರು ಉದ್ದ ಪಟ್ಟಿ, ಪಟ್ಟಿಗೊಂದೇ ಚಿತ್ರ. ಗಲಗಲಿಯ ಅಜ್ಜಿಯೊಬ್ಬಳು ಮುಚ್ಚಿದ ಬುಟ್ಟಿಯಲ್ಲಿ ಕೋಳಿ ಹಿಡಿದು ದೋಣಿ ಹತ್ತುತ್ತಾಳೆ. ಕೋಳಿ ಬುಟ್ಟಿಯಿಂದ ಹೊರಬರುತ್ತದೆ, ಆಡಿನ ಬೆನ್ನೇರುತ್ತದೆ, ಹಿಡಿಯಲು ಎಲ್ಲರೂ ಎದ್ದು ದೋಣಿ ವಾಲುತ್ತದೆ. ಕೊನೆಗೆ ಕೋಳಿ ಅಂಬಿಗನ ರುಮಾಲಿನ ಮೇಲೆ ಕೂತು ಮೊಟ್ಟೆ ಇಡುತ್ತದೆ. ದಿನಚರಿಯಲ್ಲಿ ಬುಧವಾರ ಹೀಗೆ ಬರೆದಿದ್ದೇನೆ: “ಭರ್ತಿ ನೋಡಿದೆ. ಸರಿ ಇದೆ.” ನೋಡಿದ್ದು ನಿಜವೇ? ನೋಡಿದ್ದರೆ ಮೇಲಿನ ಪಟ್ಟಿಯಲ್ಲೇ ಮೊಟ್ಟೆ ಇರುವುದು ಕಾಣಿಸಬೇಕಿತ್ತು.

ಪತ್ರಿಕೆ ಅಂಗಡಿಗಳಿಗೆ ಹೋದ ದಿನ ಮಧ್ಯಾಹ್ನ ಶಿವಲೀಲಾ ಫೋನ್ ಮಾಡಿದರು.

“ಸರ, ನನ್ನ ಕಥಿ ಉಲ್ಟಾ ಆಗೇತ್ರಿ.”

“ನೀವು ಕಳಿಸಿದ ಹಾಗೇ ಹಾಕೀವಲ್ಲರೀ?”

“ಹಾಕೀರಿ, ಖರೆ. ಆದ್ರ ಓದೂದು ಕೆಳಗಿಂದರೀ. ಗ್ರಾಫಿನಾಗ ಮೊದಲನೇ ಎಳಿ ಕೆಳಗ ಇರತೈತಿ. ಸೀರಿ ಕೆಳಗಿಂದನ ಮ್ಯಾಲ ಬೆಳೀತೈತಲ್ರಿ.” ಆಮೇಲೆ ದನಿ ತಗ್ಗಿಸಿದರು, “ನಮ್ಮತ್ತಿ ಓಣಿಗೆಲ್ಲಾ ಹೇಳಿ ಬಂದಾರ. ಈಗ ಮಂದಿ ನಗಾಕತ್ತಾರ್ರಿ.”

ಹದಿನಾಲ್ಕು ವರ್ಷ ಕೆಳಗಿನಿಂದ ಬರೆದ ಕೈಗೆ ಕಥೆಯೂ ಕೆಳಗಿನಿಂದಲೇ ಶುರುವಾಗಿತ್ತು. ಆ ಹಾಳೆಯ ಪಟ್ಟಿಗಳಿಗೆ ಸಂಖ್ಯೆ ಇರಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಬಸಲಿಂಗಪ್ಪನವರು ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಹಾಕಿದರು. “ಎಂ.ಎ. ಸಾಹೇಬ್ರ, ಮೊದಲ ಮೊಟ್ಟಿ, ಆಮ್ಯಾಲ ಕೋಳಿ ಅಂತ ನೀವ ತೀರ್ಮಾನಾ ಮಾಡಿಬಿಟ್ರಿ ನೋಡ್ರಿ! ಜಗತ್ತಿನ್ಯಾಗ ಯಾರಿಗೂ ಆಗಿರಲಿಲ್ಲ.” ಆಮೇಲೆ ನಗು ನಿಲ್ಲಿಸಿ, ಮುಂದಿನ ಸಂಚಿಕೆಯಲ್ಲಿ ಕ್ಷಮೆ ಕೇಳಬೇಕು, ಚಿತ್ರಕಾರರ ತಪ್ಪು ಎಂದು ಬರೆಯಬೇಕು, ಆ ಎರಡು ಪುಟಕ್ಕೆ ಇನ್ನು ಪದಬಂಧ ಹಾಕಬೇಕು ಎಂದರು.

ನಾನು ಒಪ್ಪಲಿಲ್ಲ ಎಂದು ಅನೇಕ ಕಡೆ ಹೇಳಿದ್ದೇನೆ. ನನ್ನ ಹೆಂಡತಿಗೂ ಹಾಗೆಯೇ ಹೇಳಿದ್ದೇನೆ. ದಿನಚರಿ ಬೇರೆ ಹೇಳುತ್ತದೆ: “ಕ್ಷಮಾಪಣೆ ನಾಲ್ಕು ಸಾಲು ಬರೆದು ಪುಟಕ್ಕೆ ಕೊಟ್ಟೆ. ‘ಚಿತ್ರಕಾರರ ಅಜಾಗರೂಕತೆಯಿಂದ’ ಎಂಬ ಮಾತು ಚುಚ್ಚುತ್ತಿದೆ.” ಚುಚ್ಚಿತ್ತು, ಆದರೆ ತೆಗೆದಿರಲಿಲ್ಲ.

ಆ ನಾಲ್ಕು ಸಾಲು ಅಚ್ಚಿಗೆ ಹೋಗುವ ಹಿಂದಿನ ದಿನ ಅಂಚೆ ಬಂತು. ಭರ್ತಿಯ ಬಗ್ಗೆ ಹನ್ನೊಂದು ಪತ್ರ! ಅದುವರೆಗೆ ಭರ್ತಿಗೆ ಒಂದೇ ಒಂದು ಪತ್ರ ಬಂದದ್ದೂ ನನಗೆ ಗೊತ್ತಿಲ್ಲ. ಅನಗವಾಡಿಯ ಐದನೇ ಇಯತ್ತೆಯ ಹುಡುಗಿಯೊಬ್ಬಳು ಬರೆದಿದ್ದಳು: “ಕೋಳಿ ಬುಟ್ಟಿಗೆ ಹೋಗಿದ್ದು ಛಲೋ ಆತು. ನಮ್ಮ ತಂಗಿ ನನ್ನ ಎದುರಿಗೆ ಕುಂತು ಕೆಳಗಿಂದ ನೋಡಿ ಕೋಳಿ ಓಡಿ ಹೋತು ಅಂತಾಳ. ಇಬ್ಬರಿಗೂ ಜಗಳ ಆಗೇತಿ. ಯಾವುದು ಖರೆ, ತಿಳಿಸಿರಿ.”

ನಾನು ಪತ್ರಿಕೆ ತೆಗೆದು ಆಗ, ಖಂಡಿತವಾಗಿ ಆಗ, ಮೊದಲ ಸಲ ಆ ಕಥೆ ಓದಿದೆ. ಮೇಲಿನಿಂದ ಓದಿದರೆ ರುಮಾಲಿನ ಮೇಲೆ ಮೊಟ್ಟೆ ಇಟ್ಟ ಕೋಳಿಯನ್ನು ಅಷ್ಟೂ ಜನ ಅಟ್ಟಾಡಿಸಿ ಕೊನೆಗೆ ಬುಟ್ಟಿಗೆ ಹಾಕುತ್ತಾರೆ. ಅಜ್ಜಿ ನಗುತ್ತ ದಡ ಸೇರುತ್ತಾಳೆ. ಕೆಳಗಿನಿಂದ ಓದಿದರೆ ಕೋಳಿ ಗೆಲ್ಲುತ್ತದೆ. ಎರಡೂ ಕಥೆ ಪೂರ್ತಿ ಇದ್ದವು. ಕ್ಷಮಾಪಣೆಯನ್ನು ಪುಟದಿಂದ ತೆಗೆಸಿ, ಪತ್ರಗಳನ್ನು ಹಿಡಿದು ಮಾಲೀಕರ ಕೋಣೆಗೆ ಹೋದೆ. ಇಷ್ಟನ್ನು ಮಾಡಿದ್ದು ನಾನೇ, ದಿನಚರಿಯೂ ಒಪ್ಪುತ್ತದೆ.

“ಭರ್ತಿಗೆ ಹನ್ನೊಂದ ಪತ್ರಾ?” ಬಸಲಿಂಗಪ್ಪನವರು ಒಂದೊಂದನ್ನೂ ತಿರುವಿ ನೋಡಿದರು. “ನಮ್ಮ ವಿಮಾನದ ಹೀರೋಗ ಎಷ್ಟ ಬಂದಾವ?”

“ನಾಲ್ಕು.”

“ಕರೀರಿ ಆ ಬಾಯಾರ್ನ.”

ಸೋಮವಾರ ಶಿವಲೀಲಾ ಬನಹಟ್ಟಿಯಿಂದ ಬಸ್ಸಿನಲ್ಲಿ ಬಂದರು. ಬೈಸಿಕೊಳ್ಳಲು ಬಂದವರಂತೆ ಕುರ್ಚಿಯ ತುದಿಯಲ್ಲಿ ಕೂತರು. ನಾನು ಪತ್ರಗಳನ್ನು ಕೊಟ್ಟೆ. ಓದುತ್ತ ಓದುತ್ತ ಅವರು ಕುರ್ಚಿಯಲ್ಲಿ ಹಿಂದೆ ಸರಿದು ಸರಿಯಾಗಿ ಕೂತರು. ವಾರವಾರವೂ ಹೀಗೆ ಎರಡು ಕಡೆಯಿಂದ ಓದುವ ಕಥೆ ಬರೆಯಲು ಆದೀತೇ ಎಂದು ಮಾಲೀಕರು ಕೇಳಿದರು.

“ಆಕ್ಕೈತ್ರಿ. ಹೆಸರ ಹಾಕ್ತೀರೇನ್ರಿ?”

“ಭರ್ತಿಗೆ ಹೆಸರು ಹಾಕೂದಿಲ್ಲವ್ವಾ. ಮೊದಲಿಂದ ಇಲ್ಲ.”

“ನಾ ಬರದ ಸೆರಗ ಎಷ್ಟ ಮಂದಿ ಉಟ್ಟಾರೋ, ಅದರಾಗೂ ನನ್ನ ಹೆಸರಿಲ್ರಿ. ಇಲ್ಲೂ ಇಲ್ಲಂದ್ರ ನಾ ಸೀರಿನ ಬರಕೋತ ಇರತೀನಿ. ಅದರಾಗ ಯಾರೂ ನಗೂದರ ಇಲ್ಲ.”

ಮಾಲೀಕರು ನನ್ನ ಮುಖ ನೋಡಿದರು. ಆಗ ನಾನು ಹೇಳಿದ್ದು ಒಂದೇ ಮಾತು: “ಆ ಪುಟಕ್ಕೆ ಸಹಿ ಹಾಕಿದವನು ನಾನು. ತಪ್ಪು ನನ್ನದು. ನಗು ಮಾತ್ರ ಅವರ ಪಾಲಿಗೆ ಬಂತು.”

ಬಸಲಿಂಗಪ್ಪನವರು ಗಡ್ಡ ತುರಿಸಿಕೊಂಡರು. “ಹಾಕೂಣು ಅಂದ್ರೂ ಎಲ್ಲಿ ಹಾಕೂದು? ಮ್ಯಾಲ ಹಾಕಿದ್ರ ಅಲ್ಲಿಂದ ಶುರು ಅಂತಾರ. ಕೆಳಗ ಹಾಕಿದ್ರ ಅಲ್ಲಿಂದ ಅಂತಾರ. ಮತ್ತ ಜಗಳ.”

ಶಿವಲೀಲಾ ಪತ್ರಿಕೆ ಬಿಡಿಸಿ ಮೂರನೆಯ ಮತ್ತು ನಾಲ್ಕನೆಯ ಪಟ್ಟಿಯ ನಡುವಿನ ಬಿಳಿ ಜಾಗದ ಮೇಲೆ ಬೆರಳಿಟ್ಟರು. “ಇಲ್ಲಿ ಹಾಕ್ರಿ. ಎಲ್ಲಿಂದ ಬಂದರೂ ನನ್ನ ದಾಟೇ ಹೋಗಬೇಕು.”

ಮಾಲೀಕರು ಜೋರಾಗಿ ನಕ್ಕರು. “ಎವ್ವಾ, ನಿನ್ನ ಕೋಳಿಗಿಂತ ನೀನ ಶಾಣ್ಯಾಕಿ ಅದಿ!” ಎಂದು ಚಹಾ ತರಿಸಿದರು. ಹೆಸರನ್ನು ನಡುವೆ ಹಾಕುವ ಉಪಾಯ ನನ್ನದೆಂದು ನಾನು ಒಂದೆರಡು ಕಡೆ ಹೇಳಿಕೊಂಡಿದ್ದೇನೆ. ಅದು ಅವರದು.

ಮುಂದಿನ ವಾರದಿಂದ ಎರಡು ಪುಟಗಳ ನಟ್ಟನಡುವೆ ‘ಶಿವಲೀಲಾ, ಬನಹಟ್ಟಿ’ ಎಂದು ಅಚ್ಚಾಯಿತು. ಅನಗವಾಡಿಯ ಅಕ್ಕತಂಗಿಯರಿಗೆ, ಇಬ್ಬರೂ ಸರಿ ಎಂದು ಪತ್ರದ ಪುಟದಲ್ಲಿ ಉತ್ತರ ಕೊಟ್ಟೆವು. ಹದಿನೆಂಟು ತಿಂಗಳು ಕಥೆಗಳು ತಪ್ಪದೆ ಬಂದವು. ಮುಧೋಳದ ಅಂಗಡಿಯವರು, ಮಕ್ಕಳು ಕೊಳ್ಳುವ ಮೊದಲು ಭರ್ತಿ ನೋಡಲು ಹಿಂದಿನಿಂದ ಪುಟ ತಿರುವುತ್ತಾರೆ ಎಂದು ಹೇಳಿದಾಗ ನನಗಾದ ಹೆಮ್ಮೆ ಇವತ್ತಿಗೂ ಇಳಿದಿಲ್ಲ. ಮುಖ್ಯ ಕಥೆಗಳಲ್ಲಿ ಎಷ್ಟನ್ನು ತಿದ್ದಿದೆನೋ ಲೆಕ್ಕವಿಲ್ಲ; ನನ್ನ ಕೆಲಸ ಎಂದು ಯಾರಿಗಾದರೂ ತೋರಿಸಬೇಕಾದರೆ ಆ ಎರಡು ಪುಟ ತೆಗೆಯುತ್ತೇನೆ.

ನಿವೃತ್ತಿಗೆ ಮುಂಚೆ ಹಳೆಯ ಸಂಚಿಕೆಗಳನ್ನು ಕೂಡಿಸಿ, ಶಿವಲೀಲಾ ಅವರಿಗಿಂತ ಮೊದಲು ಭರ್ತಿ ಬರೆದವರ ಹೆಸರುಗಳನ್ನು ಹುಡುಕಿದೆ. ಏಳು ಸಿಕ್ಕವು, ನನ್ನ ಕೊನೆಯ ಸಂಚಿಕೆಗಳಲ್ಲೊಂದರಲ್ಲಿ ಅವನ್ನು ಅಚ್ಚು ಹಾಕಿಸಿದೆ. ಉಳಿದವರು ಯಾರೆಂದು ಗೊತ್ತಾಗಲಿಲ್ಲ. ಅವರ ಪುಟಗಳ ಮೇಲೆಲ್ಲ ನನ್ನ ಸಹಿ ಇದೆ. ಕೆಲಸ ನನಗೆ ಕಲಿಸಿದ್ದು ಇಷ್ಟು: ಸಹಿ ಹಾಕುವ ಮೊದಲು ಪುಟ ತುಂಬಿದವರ ಹೆಸರನ್ನು ಕೇಳಿಕೊಳ್ಳಬೇಕು.